ಹೆಚ್ಚುವರಿ ಇನ್ನಿಂಗ್ಸ್

ಖೋ-ಖೋ ಪಂದ್ಯ ಸಮವಾದರೆ ಇನ್ನು ಹೆಚ್ಚುವರಿ ಇನ್ನಿಂಗ್ಸ್ ಬೇಡ, ಎರಡೂ ತಂಡ ಒಂದೊಂದು ಸಲ ಬೆನ್ನಟ್ಟಿ, ಮೊದಲ ಎದುರಾಳಿಯನ್ನು ಬೇಗ ಮುಟ್ಟಿದ ತಂಡವೇ ಗೆಲ್ಲಲಿ ಎಂದು ಸಂಘದವರು ಎಲ್ಲರ ಅಭಿಪ್ರಾಯ ಕೇಳಿದ್ದರು. ದಾಕ್ಷಾಯಿಣಿಗೆ ಅದು ತನ್ನನ್ನೇ ಹೊರಗಿಡುವ ಮಾತೆನಿಸಿತ್ತು. ಉಳಿದವರೆಲ್ಲ ದಣಿದ ಮೇಲೂ ಕೈಗೆ ಸಿಗದೆ ಓಡುತ್ತಾಳೆಂದೇ ಈ ವಯಸ್ಸಿನಲ್ಲೂ ಅವಳು ತಂಡದಲ್ಲಿದ್ದಳು.

"ತಲೆಕೆಟ್ಟವರು! ನೀನಿರೋವರೆಗೂ ನಾನು ಇದಕ್ಕೆ ಒಪ್ತೀನೇನಮ್ಮಾ?" ಎಂದು ಕೋಚ್ ಸರ್ ಅವಳೆದುರೇ ವಿರೋಧದ ಪತ್ರಕ್ಕೆ ಸಹಿ ಹಾಕಿದ್ದರು. ಹನ್ನೊಂದು ವರ್ಷ ಓಡಲು ಕಲಿಸಿದವರು. "ಮಂಡಿ ನೋವು ಅಂತಿದ್ದೆಯಲ್ಲ, ಈ ತಿಂಗಳು ಬೆಳಗಿನ ಅಭ್ಯಾಸಕ್ಕೆ ಬರಬೇಡ. ಫೈನಲ್‌ಗೆ ಕಾಲು ಗಟ್ಟಿಯಿರಲಿ," ಎಂದೂ ಹೇಳಿದ್ದರು.

ಫೈನಲ್ ಸಮವಾಯಿತು. ಅವಳು ಎದ್ದು ಜಡೆ ಬಿಗಿದು ಕಟ್ಟಿಕೊಳ್ಳುತ್ತಿರುವಾಗ ರೆಫರಿ ಕೂಗಿ ಹೇಳಿದರು: "ಹೆಚ್ಚುವರಿ ಇನ್ನಿಂಗ್ಸ್ ಇಲ್ಲ. ಹೊಸ ನಿಯಮ ಇವತ್ತಿಂದಲೇ."

"ಸರ್, ಇದೇನನ್ಯಾಯ! ಹೋಗಿ ಕೇಳಿ ಸರ್!"

ಸರ್ ಅವಳ ಕಡೆ ನೋಡಲಿಲ್ಲ. ಎರಡು ಸಲ ಚಪ್ಪಾಳೆ ತಟ್ಟಿದರು. ಕಿರಿಯ ಹುಡುಗಿಯರೆಲ್ಲ ಅಂಕಣಕ್ಕೆ ಓಡಿದರು. ದಾಕ್ಷಾಯಿಣಿಯೂ ಹಿಂದೆಯೇ ಹೋಗಿ, ಯಾವಾಗಲೂ ತಾನು ಕೂರುವ ಚೌಕದಲ್ಲಿ ಮಂಡಿಯೂರಿದಳು.

"ಅಕ್ಕಾ, ಸ್ವಲ್ಪ ಏಳ್ತೀರಾ?" ಎಂದಳು ಪಕ್ಕಕ್ಕೆ ಬಂದು ನಿಂತ ಹುಡುಗಿ. "ಈ ಆಟಕ್ಕೆ ಒಂದು ತಿಂಗಳಿಂದ ಇಲ್ಲಿ ನಾನೇ ಕೂರ್ತಿರೋದು."