ಕಾಮನಿಗೆ ಕೊಟ್ಟ ಹುಟ್ಟು

ಮೀನೆಣ್ಣೆ ಬಳಿದ ಹಳೆಯ ಮರದ ವಾಸನೆ ಬಂದರೆ ಈಗಲೂ ಮರವಂತೆಯ ಒಂದು ಹೋಳಿಯ ಮಧ್ಯಾಹ್ನ ನೆನಪಾಗುತ್ತದೆ. ಆಗ ಯುದ್ಧದ ಕಾಲ. ಬೇರೆಯವರ ದೋಣಿಯಲ್ಲಿ ಕಡಲಿಗೆ ಹೋದ ಅಪ್ಪ ವರ್ಷವಾದರೂ ಮರಳಿರಲಿಲ್ಲ. ಅವರು ನಮ್ಮ ದೋಣಿ ನಡೆಸುತ್ತಿದ್ದ ಹುಟ್ಟಿಗೆ ಅಮ್ಮ ತಪ್ಪದೆ ಎಣ್ಣೆ ಸವರಿ ಬಾಗಿಲ ಬಳಿ ನಿಲ್ಲಿಸುತ್ತಿದ್ದಳು.

“ಹ್ವಾಯ್ ಅಜ್ಜೀ, ಕಾಮನ್ನ ಸುಡುಕೆ ಸೌದಿ ಕೊಡಿ, ಇಲ್ದಿರೆ ಬಾಗ್ಲೇ ಹೊತ್ಕಂಡ್ ಹೋಪ್ದೇ!” ಎಂದು ಕೇರಿಯ ಹುಡುಗರು ಕೂಗಿದರು. ಅಪ್ಪನ ತಾಯಿ, ನಮ್ಮಜ್ಜಿ, ಆ ಹುಟ್ಟನ್ನೇ ಎತ್ತಿ ಕೊಟ್ಟುಬಿಟ್ಟಳು.

ಅಮ್ಮ ಒಳಗಿನಿಂದ ಓಡಿ ಬಂದಳು. “ಅತ್ತೆ, ಅವ್ರ್ ಬಂದ್ರೆ ಎಂತ ಹಿಡ್ಕಂಡ್ ದೋಣಿಗ್ ಹೋತ್ರ್?”

“ಕಾಮಂಗ್ ಕೊಟ್ಟದ್ದ್ ವಾಪಾಸ್ ಕೇಂಬುಕಾಗ, ಹೆಣೆ,” ಎಂದಳು ಅಜ್ಜಿ ಸೊಸೆಗೆ.

ಸಂಜೆ ಬೆಂಕಿ ಎದ್ದಾಗ ಕೇರಿಯವರೆಲ್ಲ ಕೇಕೆ ಹಾಕಿದರು. ಒಬ್ಬನೇ ಮಗನನ್ನು ಹೆತ್ತ ಅಜ್ಜಿ ಮಾತ್ರ ಬೆಂಕಿಗೆ ಬೆನ್ನು ಮಾಡಿ, ಕತ್ತಲಾಗುವವರೆಗೂ ಕಡಲನ್ನೇ ನೋಡುತ್ತ ನಿಂತಿದ್ದಳು.