ನುಸಿಗೆ ಬಿಟ್ಟ ಕಾಳು

"ಇದು ನಾನೇ ಮಾಡಿದ ತಳಿ ಅಂತ ಹೇಳಿ ಅವರಿಗೆ," ಎಂದ ಜಮೀನಿನ ಯಜಮಾನ, ಅಂಗೈ ತುಂಬ ಅಲಸಂದೆ ಕಾಳು ಹಿಡಿದುಕೊಂಡು. "ಹನ್ನೆರಡು ವರ್ಷ ಬೆವರು ಸುರಿಸಿದೀನಿ. ಎಷ್ಟು ದಿನ ಡಬ್ಬೀಲಿಟ್ಟರೂ ಒಂದು ನುಸಿ ಮುಟ್ಟಲ್ಲ."

ಟೀಚರ್ ಅದನ್ನು ಗೆಳತಿಯ ಭಾಷೆಗೆ ತಿರುಗಿಸಿ ಹೇಳಿದಳು. ಗೆಳತಿ ಸಮುದ್ರದಾಚೆಯವಳು, ಅಲ್ಲಿ ಬೀಜಗಳನ್ನು ಕಾಪಿಡುವ ಸಂಸ್ಥೆಯೊಂದರಲ್ಲಿ ಕೆಲಸ. ಓದುವ ಕಾಲಕ್ಕೆ ಇಬ್ಬರೂ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದವರು. ಶಾಲೆಗೆ ರಜೆ ಬಿದ್ದದ್ದೇ ತಡ, ಟೀಚರ ಹಳೇ ಕಾರಿನಲ್ಲಿ ಐದು ದಿನದಿಂದ ಹೊಲಗಳ ನಡುವೆ ಸುತ್ತುತ್ತಿದ್ದರು. ಹೋದಲ್ಲೆಲ್ಲ ಗೆಳತಿ ಒಂದು ಹಿಡಿ ಕಾಳು ಬೇಡುತ್ತಿದ್ದಳು, ಅದನ್ನು ಉಳಿಸಿಕೊಂಡು ಬಂದವರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ನಮ್ಮ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದದ್ದು 'ನಮಸ್ಕಾರ', 'ಸಾಕು', 'ಸ್ವಲ್ಪ ಸ್ವಲ್ಪ', ಅಷ್ಟೇ.

"ಚೆನ್ನಾಗಿರೋ ಕಾಳನ್ನ ಹೇಗೆ ಆರಿಸಿದರಂತೆ?" ಎಂದು ಗೆಳತಿ ಕೇಳಿದಳು. ಟೀಚರ್ ಕೇಳಿದಳು. ಯಜಮಾನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಅದೆಲ್ಲ ಕಣ್ಣಳತೆ, ಮೇಡಂ. ನೋಡಿದ ಕೂಡಲೇ ಗೊತ್ತಾಗಿಬಿಡತ್ತೆ."

ಗೆಳತಿ ಪೆನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು. ಕಾಳಿನ ಒಳಗಿನ ಗುಣ ಕಣ್ಣಿಗೆ ಹೇಗೆ ಕಾಣುತ್ತೆ ಎಂದು ಮತ್ತೆ ಕೇಳಿದಳು. ಟೀಚರ್ ಅದನ್ನೂ ಯಜಮಾನನಿಗೆ ದಾಟಿಸಿದಳು. ಅಡುಗೆಮನೆ ಬಾಗಿಲಲ್ಲಿ ಮೊರ ಮುಂದಿಟ್ಟುಕೊಂಡು ಅಲಸಂದೆ ಕಾಯಿ ಬಿಡಿಸುತ್ತಿದ್ದ ಹೆಂಗಸು ತಲೆ ಎತ್ತದೆ ಹೇಳಿದಳು, "ನೋಡಿದ್ರೆ ಗೊತ್ತಾಗಲ್ಲ. ನುಸಿಗೇ ಬಿಡಬೇಕು." ತೀರಿಹೋದ ಅಣ್ಣನ ಹೆಂಡತಿ, ಯಜಮಾನನಿಗೆ ಅತ್ತಿಗೆ. ಇವರಿಬ್ಬರು ಬಂದಾಗಿನಿಂದ ಅವಳನ್ನು ಯಾರೂ ಪರಿಚಯ ಮಾಡಿಕೊಟ್ಟಿರಲಿಲ್ಲ.

"ನುಸಿಗೆ ಬಿಡೋದು ಅಂದ್ರೆ ಏನಕ್ಕಾ?" ಎಂದಳು ಟೀಚರ್.

"ಪ್ರತಿ ಸುಗ್ಗೀಲೂ ಒಂದು ಡಬ್ಬಿ ಕಾಳನ್ನ ಬೂದಿ ಹಾಕದೆ, ಮುಚ್ಚಳ ಮುಚ್ಚದೆ ಹಾಗೇ ಇಟ್ಟುಬಿಡ್ತಿದ್ದೆ. ನುಸಿ ತಿಂದಷ್ಟು ತಿನ್ನಲಿ ಅಂತ. ತೂತು ಬೀಳದೆ ಉಳಿದದ್ದನ್ನ ಮಾತ್ರ ಹಿತ್ತಲಲ್ಲಿ ಬಿತ್ತೋದು. ಮೊದಲ ವರ್ಷ ಹದಿನಾಲ್ಕು ಕಾಳು ಉಳೀತು. ಏಳನೇ ವರ್ಷಕ್ಕೆ ಅರ್ಧ ಡಬ್ಬಿ. ಈ ಮನೇಲಿ ಹುಚ್ಚಿ ಅನ್ನಿಸಿಕೊಂಡೂ ಆಯ್ತು."

"ಅದನ್ನೇ ನಾನು ಹೇಳ್ತಾ ಇದ್ದದ್ದು," ಎಂದ ಯಜಮಾನ. "ನಾನು ಹೇಳಿದೆ ಅಂತಾನೇ ಬರಕೊಳ್ಳೋಕೆ ಹೇಳಿ."

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಒಂದು ಗಂಟೆಯಿಂದ 'ಇವರು ಬಿತ್ತಿದರು, ಇವರು ಆರಿಸಿದರು' ಎಂದು ಅವನ ಸುಳ್ಳನ್ನು ಎರಡನೇ ಭಾಷೆಯಲ್ಲೂ ಹೇಳಿ ಗಟ್ಟಿಮಾಡಿದ್ದು ತನ್ನದೇ ನಾಲಿಗೆ. ಅವಳು ಗೆಳತಿಯತ್ತ ತಿರುಗಿ, ಒಂದು ಪದವನ್ನೂ ಬಿಡದೆ, ಬೂದಿ, ಡಬ್ಬಿ, ಹದಿನಾಲ್ಕು ಕಾಳು, ಹುಚ್ಚಿ, ಎಲ್ಲವನ್ನೂ ಹೇಳಿದಳು. ಗೆಳತಿಯ ಕಣ್ಣು ನಿಧಾನವಾಗಿ ಕುರ್ಚಿಯಿಂದ ಸರಿದು ಅಡುಗೆಮನೆ ಬಾಗಿಲಿನ ಮೇಲೆ ನಿಂತಿತು. ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಿದ್ದ ಒಂದು ಸಾಲನ್ನು ಅವಳು ಅಡ್ಡಗೆರೆ ಎಳೆದು ಹೊಡೆದುಹಾಕಿದಳು.

ಅಷ್ಟು ಅರ್ಥವಾಗಲು ಯಜಮಾನನಿಗೆ ಯಾವ ಭಾಷೆಯೂ ಬೇಕಾಗಲಿಲ್ಲ. "ನೀವು ನಾನು ಹೇಳಿದ್ದನ್ನ ಹೇಳೋಕೆ ಬಂದಿದೀರಾ, ಮನೆ ಒಡೆಯೋಕೆ ಬಂದಿದೀರಾ? ಹೊಲ ನಂದು. ಬೆಳೆ ನಂದು."

"ಹೊಲ ನಿಮ್ಮದೇ ಸರ್. ಅದನ್ನ ಬೇರೆ ಪುಟದಲ್ಲಿ ಬರೆಸ್ತೀನಿ," ಎಂದಳು ಟೀಚರ್. ಅಡುಗೆಮನೆ ಬಾಗಿಲಿನತ್ತ ತಿರುಗಿ ಕೇಳಿದಳು, "ಅಕ್ಕಾ, ನಿಮ್ಮ ಹೆಸರೇನು?"

"ಅವರ ಹೆಸರು ಕಟ್ಟಿಕೊಂಡು ಏನು ಮಾಡ್ತೀರಿ? ಮನೆ ಹೆಸರು ಇದೆಯಲ್ಲ, ಸಾಕು. ಅತ್ತಿಗೆ, ಒಳಗೆ ಹೋಗಿ ನೀವು." ಅವನು ಅಂಗೈಯ ಕಾಳನ್ನು ಅಂಗಿ ಜೇಬಿಗೆ ಸುರಿದುಕೊಂಡ. "ಕಾಳೂ ಕೊಡಲ್ಲ. ಬಂದ ದಾರಿ ಗೊತ್ತಿದೆಯಲ್ಲ, ಹೊರಡಿ." ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲನ್ನು ದಢಾರನೆ ಹಾಕಿಕೊಂಡ. ಒಳಗೆ ಯಾವುದೋ ಪಾತ್ರೆ ನೆಲಕ್ಕೆ ಬಿದ್ದು ಉರುಳಾಡಿತು.

ಅತ್ತಿಗೆ ಎದ್ದು ಒಳಗೆ ಹೋಗಲಿಲ್ಲ. ಮೊರ ಎತ್ತಿಕೊಂಡು ನೇರ ಗೆಳತಿಯ ಹತ್ತಿರ ಬಂದು, ಆಗಷ್ಟೇ ಬಿಡಿಸಿದ್ದ ಅದೇ ತಳಿಯ ಕಾಳನ್ನು ಅವಳ ಬೊಗಸೆಗೆ ಸುರಿದಳು. ಎರಡು ಕಾಳು ಕೆಳಗೆ ಬಿದ್ದವು, ಬಗ್ಗಿ ಅವನ್ನೂ ಹೆಕ್ಕಿ ಕೊಟ್ಟಳು. ಬಿಸಿಲಿಗೆ ನಾಲ್ಕು ದಿನ ಒಣಗಿಸಬೇಕು ಎಂದಳು. ಆಮೇಲೆ ತನ್ನ ಹೆಸರನ್ನು, ತನ್ನ ತಂದೆಯ ಹೆಸರನ್ನು ಬಿಡಿಬಿಡಿಯಾಗಿ ಹೇಳಿದಳು. ಗೆಳತಿ ಬಾಯಲ್ಲಿ ಎರಡು ಸಲ ಅಂದುಕೊಂಡು ಬರೆದಳು.

ಮುಚ್ಚಿದ ಬಾಗಿಲಿನತ್ತ ನೋಡಿದ ಮೇಲೆ ಟೀಚರ ಸಿಟ್ಟಿನೊಳಗೆ ಅಳುಕು ಸೇರಿಕೊಂಡಿತು. ತಾವೇನೋ ಕಾರು ಹತ್ತಿ ಹೋಗಿಬಿಡುವವರು.

"ಅಕ್ಕಾ," ಎಂದಳು ಮೆಲ್ಲಗೆ, "ನಾವು ಹೋದ ಮೇಲೆ ನಿಮಗೆ ತೊಂದರೆ ಆಗಲ್ವಾ?"

"ಆಗತ್ತೆ," ಎಂದಳು ಅವಳು. ಕಣ್ಣು ನೋಟ್‌ಬುಕ್ಕಿನ ಮೇಲೇ ಇತ್ತು. "ಅವರ ಅಕ್ಷರ ನನಗೆ ಬರಲ್ಲ. ಹೆಸರು ಸರಿಯಾಗಿ ಬರೆದಿದ್ದಾರಾ, ಇನ್ನೊಂದು ಸಲ ಗಟ್ಟಿಯಾಗಿ ಓದಿ."