ಎರಡರ ಮೇಲೆ ಎಂಟು

ಎಲ್ಲರೂ ಒಟ್ಟಿಗೇ ಕಾರ್ಡ್ ತಿರುಗಿಸಿದರು. ದಾಕ್ಷಾಯಣಿಯದು ಎರಡು. ಉಳಿದವರದೆಲ್ಲ ಎಂಟು.

ಕೆಲಸ ದೊಡ್ಡದಾದಷ್ಟೂ ದೊಡ್ಡ ಅಂಕಿ, ಅದಕ್ಕೆ ತಕ್ಕಷ್ಟು ಸಮಯ. ಗುಟ್ಟಾಗಿ ಆರಿಸಿ, ಒಂದೇ ಸಲ ತೋರಿಸುವುದು ಹೆಬ್ಬಾಳದ ಆಫೀಸಿನ ಆ ಸಾಫ್ಟ್‌ವೇರ್ ತಂಡದ ಪದ್ಧತಿ. ಈಗಿನ ಕೆಲಸ ಲಾಗಿನ್ ಪುಟದ ರಿಪೇರಿ, ದಾಕ್ಷಾಯಣಿಯ ಪಾಲಿನದು. ಮೊದಲೆಲ್ಲ ಇಂಥದ್ದನ್ನು ಊಟದೊಳಗೆ ಮುಗಿಸಿಬಿಡುತ್ತಿದ್ದಳು. ಹೆರಿಗೆ ರಜೆ ಮುಗಿದು, ಮಗುವನ್ನು ಕೋಗಿಲು ಬಡಾವಣೆಯ ಮನೆಯಲ್ಲಿ ಅತ್ತೆಯ ಕೈಗೆ ಕೊಟ್ಟು ಬಂದ ಮೊದಲ ದಿನ ಇವತ್ತು. ರಜೆಗೆ ಮುಂಚೆ ತಾನೇ ಬರೆದಿದ್ದ ಕೋಡನ್ನು ಬೆಳಿಗ್ಗೆ ತೆರೆದರೆ ಯಾರದೋ ಅನ್ನಿಸಿತ್ತು. ಅದು ಯಾರಿಗೂ ಗೊತ್ತಾಗಬಾರದಿತ್ತು.

ಬೇರೆ ಅಂಕಿ ಹಾಕಿದವರು ಕಾರಣ ಹೇಳಬೇಕು. ಎಲ್ಲರೂ ಅವಳತ್ತ ತಿರುಗಿದರು.

"ಎರಡು ಸಾಕು. ಮಾಡ್ತೀನಿ," ಎಂದಳು. ಕಾರ್ಡನ್ನು ಮೇಜಿನ ಮೇಲೆ ಇನ್ನಷ್ಟು ಮುಂದೆ ತಳ್ಳಿದಳು.

ಸುಬ್ರಮಣಿ ಎದ್ದು ಬಂದ. ಯಾರು ದೊಡ್ಡ ಅಂಕಿ ಹಾಕಿದರೂ ಇಳಿಸುವವರೆಗೆ ಜಗಳ ಬಿಡದ ಆಸಾಮಿ ಅವನು. ತನ್ನ ಎಂಟನ್ನು ಅವಳ ಎರಡರ ಮೇಲೆ ಮೆಲ್ಲಗೆ ಇಟ್ಟ.

"ನಮ್ಮನೇಲೂ ಪುಟ್ಟ ಮಗು ಐತೆ ಕಣ್ರೀ," ಎಂದ. "ಎಂಟೇ ಕಮ್ಮಿ."

ದಾಕ್ಷಾಯಣಿ ಆ ಕಾರ್ಡನ್ನು ತೆಗೆಯಲಿಲ್ಲ.